ಕಡೇ ಸೋಮವಾರದ ಸದ್ದು

ನನ್ನ ಬಲಗೈಯ ಮೂರು ಬೆರಳು ಹೋದದ್ದು ಸೋಮವಾರ. ನಾನು ಮಂಗಳವಾರ ಎಂದು ಹೇಳಿದೆ. ಆ ಒಂದು ದಿನದ ಸುಳ್ಳಿನೊಳಗೆ ಸಿಕ್ಕಿಕೊಂಡಿದ್ದ ನನ್ನನ್ನೂ ನಮ್ಮವ್ವನನ್ನೂ ಈಚೆಗೆ ತಂದವರು ಚಾಮರಾಜನಗರದ ವಕೀಲ ಗುರುಸಿದ್ದಯ್ಯನವರು. ಅವರನ್ನು ನೆನೆಯದೆ ನಾನು ತಟ್ಟೆಗೆ ಕೈ ಇಡುವುದಿಲ್ಲ. ಮರೆಯೋಣವೆಂದರೂ ಇಡುವ ಕೈ ಮರೆಯಲು ಬಿಡುವುದಿಲ್ಲ.

ನಮ್ಮೂರು ಗುಂಡ್ಲುಪೇಟೆಯಿಂದ ಒಂದು ಮೈಲಿ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಏರುವುದಿಲ್ಲ. ಅದು ಶಿವನ ದಿನ, ಬಸವನ ದಿನ. ಮೈ ತೊಳೆದು, ಹಣೆಗೆ ವಿಭೂತಿ ಇಟ್ಟು, ಒಂದು ಅಚ್ಚು ಬೆಲ್ಲ ತಿನ್ನಿಸಿ ಮೇಯಲು ಬಿಟ್ಟರೆ ಆ ದಿನ ಎತ್ತಿಗೆ ಬೇರೆ ಕೆಲಸವಿಲ್ಲ. ನಮ್ಮ ಮನೆಯಲ್ಲಿ ಇದರ ಮೇಲೆ ಇನ್ನೊಂದು ಕಟ್ಟು ಇತ್ತು. ಐದು ವರ್ಷದವನಿದ್ದಾಗ ನನಗೆ ಜ್ವರ ಬಂದು, ಉಳಿಯುವುದಿಲ್ಲ ಎಂದು ನಾಟಿ ವೈದ್ಯ ಕೈ ತೊಳೆದುಕೊಂಡಿದ್ದ. ಅವ್ವ ಕರಿಬಸಮ್ಮ ಮಾದಪ್ಪನ ಬೆಟ್ಟದ ದಿಕ್ಕಿಗೆ ತಿರುಗಿ ಸೆರಗೊಡ್ಡಿದಳಂತೆ: “ಈ ಕೂಸ ಉಳ್ಸಿಕೊಡಪ್ಪಾ. ಎತ್ತ ಯಾವ ದಿನ ಬುಡ್ತೀನೋ ಇವನ್ನೂ ಆ ದಿನ ಬುಡ್ತೀನಿ. ಸೋಮವಾರ ಇವನ ಕೈ ಗೇಮೆ ಮುಟ್ಟಾಕಿಲ್ಲ.” ನಾನು ಉಳಿದೆ. ಅಪ್ಪ ತೀರಿಕೊಂಡ ವರ್ಷವೂ ಆ ಮಾತು ಮುರಿಯಲಿಲ್ಲ.

ಸೋಮವಾರ ಬೆಳಿಗ್ಗೆ, ಮಾದಪ್ಪನ ಹೆಸರಲ್ಲಿ ದೀಕ್ಷೆ ಪಡೆದ ದೇವರಗುಡ್ಡ ಕೆಂಪಯ್ಯ ನಮ್ಮ ಜಗಲಿಗೆ ಬಂದು ಕೂರುತ್ತಿದ್ದ. ಕಂಸಾಳೆ ಬಡಿದುಕೊಂಡು ಮಾದಪ್ಪನ ಪದ ಹಾಡುತ್ತಿದ್ದ. ಒಂದು ಮೊರ ರಾಗಿ ಅವನ ಜೋಳಿಗೆಗೆ ಬೀಳುವ ಹೊತ್ತಿಗೆ ಒಂದು ಕಥೆ ಮುಗಿಯುತ್ತಿತ್ತು. ನಾನು ಜಗಲಿಯ ಕಂಬಕ್ಕೆ ಒರಗಿ ಕೇಳುತ್ತಾ ಬೆಳೆದವನು. ಕೇಳಿದ್ದೇ ಹೆಚ್ಚು, ಆಡಿದ್ದು ಕಡಿಮೆ. ನಾಲ್ಕನೇ ಕ್ಲಾಸು ಓದಿದ್ದರೂ ನಾಲ್ಕು ಮಾತು ಆಡಲಾರ ಎಂದು ಊರಿನವರು ನನಗೆ ಮೂಕಬಸವ ಎಂದು ಹೆಸರಿಟ್ಟಿದ್ದರು.

ದೊಡ್ಡವನಾದ ಮೇಲೆ ಗುಂಡ್ಲುಪೇಟೆಯ ಮರ ಕುಯ್ಯುವ ಮಿಲ್ಲಿನಲ್ಲಿ ಕೆಲಸಕ್ಕೆ ಸೇರಿದೆ. ಕಾಡಿನಿಂದ ಹರಾಜಿಗೆ ಬಂದ ತೇಗ, ಹೊನ್ನೆ, ಮತ್ತಿಯ ದಿಮ್ಮಿಗಳು ಅಲ್ಲಿಗೆ ಬರುತ್ತಿದ್ದವು. ನಮ್ಮ ಎತ್ತು ಕಟ್ಟಿ ದಿಮ್ಮಿ ಎಳೆದು ತರುವುದು, ಆಮೇಲೆ ಗರಗಸದ ಬೆಂಚಿಗೆ ಕೊಟ್ಟು ತಳ್ಳುವುದು ನನ್ನ ಕೆಲಸ. ಎತ್ತಿಲ್ಲದೆ ದಿಮ್ಮಿ ಬರುವುದಿಲ್ಲ, ಸೋಮವಾರ ಎತ್ತು ಬರುವುದಿಲ್ಲ. ಆದ್ದರಿಂದ ಮಿಲ್ಲಿಗೂ ಸೋಮವಾರವೇ ರಜ. ಹಾಜರಿ ಪುಸ್ತಕದಲ್ಲಿ ಸೋಮವಾರದ ಕಾಲಮ್ಮಿಗೆ ರೈಟರ್ ಮರಿಮಲ್ಲಪ್ಪ ಮೇಲಿಂದ ಕೆಳಗೆ ಒಂದು ಕೆಂಪು ಗೀಟು ಎಳೆಯುತ್ತಿದ್ದ.

೧೯೫೪ರ ಕಾರ್ತೀಕ. ಕಡೇ ಸೋಮವಾರದ ಹಿಂದಿನ ಸಂಜೆ ಮರಿಮಲ್ಲಪ್ಪ ನನ್ನನ್ನು ಪಕ್ಕಕ್ಕೆ ಕರೆದ. ರೈಲಿನವರಿಗೆ ಹಳಿಯ ಅಡಿಗೆ ಹಾಕುವ ಸ್ಲೀಪರ್ ಮರ ಹೋಗಬೇಕಿತ್ತು. ಲಾರಿ ಮಂಗಳವಾರ ಬೆಳಗಿನ ಜಾವಕ್ಕೆ ಬರುವುದು, ಮರ ಇನ್ನೂ ಅರ್ಧ ಕುಯ್ದಿಲ್ಲ.

“ನಾಳೆ ಬಾ. ಎತ್ತು ತರ್ಬೇಡ ಕಣಯ್ಯ, ದಿಮ್ಮಿ ಬೆಂಚಿನ ಹತ್ರವೇ ಬಿದ್ದವೆ. ಕೈ ತಂದ್ರೆ ಸಾಕು.”

“ಸೋಮವಾರ...” ಎಂದೆ.

“ಎತ್ತಿಗೆ ಸೋಮವಾರ ಸರಿ. ಮಿಷನ್‌ಗೆ ಯಾವ ಸೋಮವಾರನಯ್ಯಾ?”

ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಬಾಯಿ ಬಾರದೆ ಇರುವುದೂ ಒಂದು ತಪ್ಪೇ ಎಂದು ಆಮೇಲೆ ತಿಳಿಯಿತು. ತೆರಕಣಾಂಬಿಯ ಚಿಕ್ಕವ್ವನನ್ನು ನೋಡಿ, ರಾತ್ರಿ ಅಲ್ಲೇ ಇದ್ದು ಬರುತ್ತೇನೆ ಎಂದು ಅವ್ವನಿಗೆ ಹೇಳಿ ನಸುಕಿನಲ್ಲೇ ಹೊರಟೆ. ಮಿಲ್ಲಿನಲ್ಲಿ ನಾನು, ಮರಿಮಲ್ಲಪ್ಪ, ಕೇರಳದ ಕಡೆಯ ಇಬ್ಬರು ಆಳು ಇಷ್ಟೇ ಜನ. ಬಿಸಿಲೇರುವ ಹೊತ್ತಿಗೆ ಒಂದು ಮತ್ತಿ ಮರದ ಗಂಟಿಗೆ ಗರಗಸ ತಾಗಿ ಮರ ಸಿಡಿಯಿತು. ತಳ್ಳುತ್ತಿದ್ದ ಕೈ ಮುಂದಕ್ಕೆ ಹೋಯಿತು. ನೋವಿಗಿಂತ ಮೊದಲು ನನಗೆ ತೋರಿದ್ದು ಒಂದೇ: ಮಾದಪ್ಪ ತನ್ನ ದಿನವನ್ನು ವಸೂಲಿ ಮಾಡಿಕೊಂಡ.

ಮರಿಮಲ್ಲಪ್ಪ ಟವೆಲು ಸುತ್ತಿ ಕುದುರೆ ಗಾಡಿಯಲ್ಲಿ ಆಸ್ಪತ್ರೆಯ ಬಾಗಿಲವರೆಗೆ ತಂದು ಇಳಿಸಿ ಹೋದ. ಮಾರನೆಯ ಸಂಜೆ ನಮ್ಮ ಪಕ್ಕದ ಮನೆಯ ಬೋರಯ್ಯ ಯಾವುದೋ ಕೆಲಸಕ್ಕೆ ಬಂದವನು ನನ್ನನ್ನು ಕಂಡು ಓಡಿಹೋಗಿ ಅವ್ವನನ್ನು ಕರೆತಂದ. ಅವ್ವ ಮಂಚದ ಪಕ್ಕ ನಿಂತು ಕಟ್ಟಿದ ಕೈಯನ್ನು ನೋಡಿದಳು.

“ಯಾವಾಗ್ಲಾ ಆಯ್ತು?”

“ಇವತ್ತು ಬೆಳಿಗ್ಗೆ ಕಣವ್ವ. ತೆರಕಣಾಂಬಿಯಿಂದ ಸೀದಾ ಕೆಲ್ಸಕ್ಕೆ ಬಂದೆ.”

ಹರಕೆ ಮುರಿದೆ ಎಂದು ಹೇಳುವುದಕ್ಕಿಂತ ಬೆರಳು ಹೋಯಿತು ಎಂದು ಹೇಳುವುದು ಸುಲಭವಾಗಿತ್ತು.

ಗಾಯ ಮಾಯಲು ಸಂಕ್ರಾಂತಿ ಕಳೆಯಿತು. ಹಗ್ಗ ಬಿಗಿಯಲಾರೆ, ನೇಗಿಲು ಒತ್ತಲಾರೆ. ಮಿಲ್ಲಿಗೆ ಹೋಗಿ ನಿಂತರೆ ಮಿಲ್ಲಿನ ಒಡೆಯರಾದ ಸಾಹುಕಾರರು ಒಳಗಿಂದ ಬರಲಿಲ್ಲ. ಮರಿಮಲ್ಲಪ್ಪ ಮಾತ್ರ, “ಬೆರಳಿಲ್ದೋನಿಗೆ ಬೆಂಚಲ್ಲಿ ಏನ್ ಕೆಲ್ಸ? ಓಗು, ದೇವ್ರು ಅವ್ನೆ” ಎಂದ. ಸುದ್ದಿ ಕೇಳಿ ಬೋರಯ್ಯ ನಮ್ಮ ಜಗಲಿಯ ಮೇಲೆ ನೆಗೆದು ಕೂತ.

“ದೇವ್ರು ಅವ್ನೆ ಅಂತ ಇವನ್ಯಾವನ್ಲಾ ಏಳಾಕೆ? ದೇವ್ರು ನಮ್ ಪಾಲಿಗೆ, ಮಿಲ್ಲು ಇವ್ರ ಪಾಲಿಗಾ? ನಮ್ ಬಾವಮೈದ ರೇಷ್ಮೆ ನೂಲು ತೆಗ್ಯೋ ಕಡೆ ಕೈ ಬೇಯಿಸ್ಕಂಡಿದ್ನಲ್ಲ, ಅವನ್ಗೆ ಚಾಮರಾಜನಗರದ ವಕೀಲರು ಪರಿಹಾರ ಕೊಡ್ಸಿದ್ರು ಕಣ್ಲಾ. ಏಳು, ನಾಳೀಕೆ ಓಗನ. ನೀನು ಮಾತಾಡ್ಬೇಡ, ನಾನ್ ಆಡ್ತೀನಿ. ನಿನ್ ಪಾಲಿಂದೂ ನಂದೇ ಬಾಯಿ.”

ಗುರುಸಿದ್ದಯ್ಯನವರ ಆಫೀಸು ಅಂದರೆ ಅವರ ಮನೆಯ ನಡುಮನೆ. ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಮೂಗಿನ ತುದಿಗೆ ಕನ್ನಡಕ. ಬೋರಯ್ಯ ಹತ್ತು ನಿಮಿಷ ಉಸಿರು ಬಿಡದೆ ಹೇಳಿದ. ವಕೀಲರು ಪೂರ್ತಿ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, “ಕೈ ತೋರಿಸಪ್ಪಾ” ಎಂದರು. ಮಾಂಸ ಕೂಡಿಕೊಂಡಿದ್ದ ಜಾಗವನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ನೋಡಿದರು. ಆಸ್ಪತ್ರೆ ಬಿಟ್ಟ ಮೇಲೆ ಆ ಕೈಯನ್ನು ಹಾಗೆ ಹಿಡಿದವರು ಅವರೇ ಮೊದಲು.

“ಇದು ದಾನ ಅಲ್ಲ, ತಿಳಕೋ. ಕೆಲಸ ಮಾಡುವಾಗ ಗಾಯ ಆದರೆ ಕೆಲಸ ಕೊಟ್ಟವನು ಪರಿಹಾರ ಕೊಡಬೇಕು ಅಂತ ಕಾನೂನಿದೆ. ನೀನು ಕೆಲಸದಲ್ಲಿದ್ದೆಯಾ ಅನ್ನೋದೊಂದೇ ಮುಖ್ಯ. ಅದನ್ನು ನಾವು ತೋರಿಸಬೇಕು. ಯಾವತ್ತು ಆಯಿತು?”

“ಮಂಗಳವಾರ” ಎಂದೆ. ಪಕ್ಕದಲ್ಲಿ ಬೋರಯ್ಯ ಇದ್ದ. ನಿಜ ಹೇಳಿದ್ದರೆ ಸಂಜೆಯೊಳಗೆ ಅವನ ಬಾಯಿಂದ ಊರಿಗೆಲ್ಲ ಗೊತ್ತಾಗುತ್ತಿತ್ತು.

ಅರ್ಜಿ ಹೋಯಿತು. ತಿಂಗಳು ಕಳೆದ ಮೇಲೆ ವಕೀಲರಿಂದ ಕಾರ್ಡು ಬಂತು: ಒಬ್ಬನೇ ಬಾ. ಹೋದೆ. ಅವರ ಮುಂದೆ ಎರಡು ಕಾಗದ ಇದ್ದವು.

“ಇದು ಮಿಲ್ಲಿನವರ ಜವಾಬು. ಮಂಗಳವಾರ ನೀನು ಗೈರುಹಾಜರು. ಪುಸ್ತಕ ಹಾಗೇ ಹೇಳುತ್ತೆ. ಎಲ್ಲೋ ಸ್ವಂತ ಕೆಲಸದಲ್ಲಿ ಕೈ ಕುಯ್ದುಕೊಂಡು ನಮ್ಮ ಮೇಲೆ ಹಾಕಿದಾನೆ ಅಂತಾರೆ. ಇನ್ನೊಂದು ಆಸ್ಪತ್ರೆಯ ದಾಖಲೆ. ನೀನು ಅಲ್ಲಿಗೆ ಬಂದದ್ದು ಸೋಮವಾರ, ಬೆಳಿಗ್ಗೆ ಹತ್ತೂವರೆ.” ಕನ್ನಡಕ ತೆಗೆದರು. “ಸೋಮವಾರವೋ ಮಿಲ್ಲಿಗೆ ರಜ. ಈಗ ನೀನು ಹೇಳು.”

ನಾನು ನೆಲ ನೋಡಿದೆ. ಅವರು ಮತ್ತೆ ಕೇಳಲಿಲ್ಲ, ಗದರಲಿಲ್ಲ. ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದು ನನ್ನ ಎಡಗೈಯ ಪಕ್ಕ ಇಟ್ಟು, ಬೇರೆ ಕಾಗದ ನೋಡುತ್ತಾ ಕೂತರು. ಮಜ್ಜಿಗೆ ಮುಗಿಯುವ ಹೊತ್ತಿಗೆ ನಾನು ಎಲ್ಲವನ್ನೂ ಹೇಳಿದ್ದೆ. ಜ್ವರ, ಹರಕೆ, ಮಿಷನ್‌ಗೆ ಯಾವ ಸೋಮವಾರ ಎಂದದ್ದು, ಅವ್ವನಿಗೆ ಹೇಳಿದ ಸುಳ್ಳು. ಅಷ್ಟು ಮಾತು ಒಂದೇ ಸಲ ನಾನು ಯಾವತ್ತೂ ಆಡಿರಲಿಲ್ಲ.

“ನಾನೂ ಸೋಮವಾರ ಉಪವಾಸ ಇರೋನು. ನಿನ್ನ ಸಂಕಟ ಗೊತ್ತಾಗುತ್ತೆ” ಎಂದರು. “ಆದರೆ ಸುಳ್ಳಿನ ಮೇಲೆ ನಾನು ವಾದ ಕಟ್ಟಲಾರೆ. ಕಟ್ಟಿದರೂ ನಿಲ್ಲಲ್ಲ. ತಾರೀಖು ತಪ್ಪಾಗಿದೆ, ತಿದ್ದಿಕೊಳ್ಳಬೇಕು ಅಂತ ಅರ್ಜಿ ಹಾಕೋಣ. ಸೋಮವಾರ ಮಿಷನ್ ಓಡಿತು ಅನ್ನೋಕೆ ಯಾರಾದರೂ ಇದಾರಾ?”

ಕೇರಳದ ಇಬ್ಬರು ಎಂದೋ ಊರಿಗೆ ಹೊರಟುಹೋಗಿದ್ದರು. ಮರಿಮಲ್ಲಪ್ಪ ಹೇಳುವವನಲ್ಲ. ತಲೆ ಅಲ್ಲಾಡಿಸಿದೆ.

“ನೋಡೋಣ. ನೀನು ಮೊದಲು ಒಂದು ಕೆಲಸ ಮಾಡು. ವಿಚಾರಣೆ ದಿನ ಇದು ಹತ್ತು ಜನದ ಮುಂದೆ ಹೊರಗೆ ಬರುತ್ತೆ. ನಿಮ್ಮ ತಾಯಿಗೆ ಬೇರೆಯವರ ಬಾಯಿಂದ ಗೊತ್ತಾಗಬಾರದು. ಇವತ್ತೇ ಹೋಗಿ ಹೇಳು.”

ಬಸ್ಸಿನಲ್ಲಿ ಬರುವಾಗ ಗೋಪಾಲಸ್ವಾಮಿ ಬೆಟ್ಟ ಮೋಡ ಹೊದ್ದು ಕೂತಿತ್ತು. ಇಡೀ ದಾರಿ ಹೇಗೆ ಶುರುಮಾಡಲಿ ಎಂದು ಕೂಡಿಸಿದೆ, ಕಳೆದೆ. ಮನೆಗೆ ಬಂದಾಗ ಅವ್ವ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಎದುರಿಗೆ ಕೂತು, ಕೂಡಿಸಿಕೊಂಡಿದ್ದ ಮಾತೆಲ್ಲ ಮರೆತು, “ಅವ್ವಾ, ಕೈ ಓದದ್ದು ಸೋಮವಾರ. ಕಾರ್ತೀಕದ ಕಡೇ ಸೋಮವಾರ” ಎಂದುಬಿಟ್ಟೆ.

ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳ ಮಡಿಲಿನ ಅವರೆಕಾಯಿ ಜಗಲಿಯ ತುಂಬ ಚೆಲ್ಲಿತು.

“ಕಡೇ ಸೋಮವಾರವಾ? ಮಿಷನ್ ಸದ್ದು ಬಂತಲ್ಲ, ಅವತ್ತಾ?”

“ನಿಂಗೆ ಕೇಳುಸ್ತಾ?”

“ಊರ್ಗೆಲ್ಲ ಕೇಳುಸ್ತು ಕಣ್ಲಾ! ಕೆಂಪಯ್ಯ ಪದ ಏಳ್ತಾ ಕುಂತಿದ್ದ. ಗಾಳಿ ಇತ್ಲಾಗೇ ಬೀಸ್ತಿತ್ತು. ಟಕ ಟಕ ಅಂತ ಪದವೇ ಕಿವೀಗ್ ಬೀಳ್ದಂಗೆ...” ಅವಳ ಸ್ವರ ಇಳಿಯಿತು. “ನಾನು ಬೈದ್ಬುಟ್ಟೆ ಕಣ್ಲಾ. ಸೋಮವಾರ ಮಿಷನ್ ಆಡ್ಸೋ ಪಾಪಿ ಕೈ ಸೇದೋಗ ಅಂತ, ಎತ್ತಿನ ಮುಂದೆ ನಿಂತ್ಕಂಡು ಬೈದ್ಬುಟ್ಟೆ.”

ಅವಳು ನನ್ನ ಕೈಯನ್ನು ನೋಡಲಿಲ್ಲ. ತನ್ನ ಕೈಯನ್ನು ನೋಡಿಕೊಂಡಳು. ಅಂದಿನಿಂದ ಅವ್ವ ಎತ್ತಿನ ಹಣೆಗೆ ವಿಭೂತಿ ಇಡುವುದನ್ನು ಬಿಟ್ಟಳು. “ನೀನೇ ಇಡು. ನನ್ನ ನಾಲಿಗೆ ಸುಟ್ಟದ್ದು ಸಾಕು” ಎನ್ನುತ್ತಿದ್ದಳು. ನಾನು ಎಷ್ಟು ಹೇಳಿದರೂ, “ಹರಕೆ ನೀನು ಮುರಿದೆ, ಬೆರಳು ನಾನು ತೆಗೆದೆ” ಎಂಬ ಒಂದೇ ಮಾತು. ಕೆಲಸ ಹೋಯಿತು, ಪರಿಹಾರ ಬರಲಿಕ್ಕಿಲ್ಲ ಎಂಬ ಚಿಂತೆ ನನಗೆ ಹಗುರವಾಯಿತು. ಅವ್ವನದೇ ಭಾರವಾಯಿತು.

ಇದನ್ನು ವಕೀಲರಿಗೆ ಹೇಳಿದೆ. ಅವರು, “ನಿಮ್ಮ ತಾಯಿ ಸಾಕ್ಷಿ ಹೇಳಬೇಕು. ಸದ್ದು ಊರೆಲ್ಲ ಕೇಳಿರಬಹುದು, ಆದರೆ ಬೈದು ಆ ದಿನವನ್ನೇ ಗುರುತಿಟ್ಟವರು ಅವರು. ಅವರಷ್ಟು ಗಟ್ಟಿ ಸಾಕ್ಷಿ ನಮಗೆ ಬೇರೆ ಇಲ್ಲ” ಎಂದರು.

ಅವ್ವ ಒಪ್ಪಲಿಲ್ಲ. “ಕಚೇರೀಲಿ ನಿಂತು ನನ್ನ ಮಗನ ಕೈ ನಾನೇ ತಿಂದೆ ಅಂತ ಏಳ್ಲಾ?” ಎಂದಳು. ಒಪ್ಪಿಸಿದವನು ಬೋರಯ್ಯ. “ಅಲ್ಲ ಕಣವ್ವೋ, ಬೈಯೋವಾಗ ಊರೆಲ್ಲ ಕೇಳ್ದಂಗೆ ಬೈದೆ. ಈಗ ಒಬ್ಬ ಸಾಹೇಬ ಕೇಳಿದ್ರೆ ಏನಾದದು? ನೀನು ತೆಗ್ದ ಬೆರಳು ಅಂದ್ಮೇಲೆ ಅದರ ಬೆಲೆ ನೀನೇ ಕೊಡ್ಸಬೇಡ್ವಾ?” ಎಂದ. ಒರಟು ಮಾತು. ಆದರೆ ಅವ್ವ ಎದ್ದು ಮಡಿಸೀರೆ ಹುಡುಕಿದಳು.

ಪರಿಹಾರದ ವಿಚಾರಣೆ ಮಾಡುವ ಸಾಹೇಬರು ಮೈಸೂರಿನಿಂದ ಚಾಮರಾಜನಗರಕ್ಕೆ ಕ್ಯಾಂಪ್ ಬಂದಿದ್ದರು. ಒಳಗೆ ಹೋಗುವ ಮುಂಚೆ ಅವ್ವ ವಕೀಲರನ್ನು, “ಏನಂತ ಏಳ್ಬೇಕು ಬುದ್ದಿ?” ಎಂದು ಕೇಳಿದಳು.

“ನಾನು ಹೇಳಿಕೊಡಲ್ಲ ಕಣಮ್ಮ. ಕಣ್ಣು ಕಂಡದ್ದು, ಕಿವಿ ಕೇಳಿದ್ದು, ಬಾಯಿ ಆಡಿದ್ದು. ಅಷ್ಟೇ.”

ಮೊದಲು ನನ್ನನ್ನು ನಿಲ್ಲಿಸಿದರು. ಸಾಹುಕಾರರ ಕಡೆಯ ವಕೀಲರು ಮೈಸೂರಿನವರು, ನಗುನಗುತ್ತಾ ಕೇಳಿದರು: “ಮೊದಲು ಮಂಗಳವಾರ ಅಂದೆ. ಈಗ ಸೋಮವಾರ ಅಂತೀಯ. ನಾಳೆ ಬುಧವಾರ ಅಂತೀಯೇನಪ್ಪಾ?” ಹಿಂದೆ ಯಾರೋ ನಕ್ಕರು. ನಾನು ಅವ್ವನ ಕಡೆ ನೋಡಿದೆ. “ಸೋಮವಾರ ಕೈ ಗೇಮೆ ಮುಟ್ಟಬಾರದು ಅಂತ ಅವ್ವ ಹರಕೆ ಹೊತ್ತಿದ್ಲು ಸ್ವಾಮಿ. ಅವಳಿಗೆ ಗೊತ್ತಾಗಬಾರದು ಅಂತ ಸುಳ್ಳು ಹೇಳಿದೆ. ಈಗ ಅವಳಿಗೆ ಗೊತ್ತು. ಇನ್ನು ಸುಳ್ಳು ಹೇಳೋಕೆ ನನಗೆ ಯಾರೂ ಇಲ್ಲ” ಎಂದೆ. ಸಾಹೇಬರು ಬರೆಯುವುದನ್ನು ನಿಲ್ಲಿಸಿ ಒಮ್ಮೆ ನನ್ನನ್ನು ನೋಡಿದರು. ಆಮೇಲೆ ಬರೆದುಕೊಂಡರು.

ಅವ್ವ ಬಂದು ನಿಂತಳು. ಸೆರಗು ತಲೆಯ ಮೇಲೆ, ಕೈ ಎರಡೂ ಸೆರಗಿನೊಳಗೆ. ಮಿಷನ್ ಸದ್ದು ಕೇಳಿದ್ದನ್ನು ಹೇಳಿದಳು. ಮೈಸೂರಿನ ವಕೀಲರು ಎದ್ದರು.

“ಆರು ದಿನ ಓಡುವ ಮಿಷನ್ನಮ್ಮ. ಯಾವುದೋ ಒಂದು ದಿನದ ಸದ್ದು ಇಷ್ಟು ತಿಂಗಳಾದ ಮೇಲೆ ನೆನಪಿರೋದು ಹ್ಯಾಗೆ?”

ಅವ್ವ ತಲೆ ಎತ್ತಿದಳು. “ಆರು ದಿನ ಬಂದದ್ದು ಯಾರ್ಗ್ ನೆನಪಿದ್ದದು ಬುದ್ದಿ? ಬರಬಾರದ ದಿನ ಬಂತು, ಅದ್ಕೇ ನೆನಪದೆ. ಅದೂ ಕಾರ್ತೀಕದ ಕಡೇ ಸೋಮವಾರ. ಊರ್ ಊರೇ ಕೇಳ್ಕಂಡು ಕುಂತಿತ್ತು. ಬೇಕಾದ್ರೆ ಕರ್ಸಿ ಕೇಳಿ, ಎತ್ತೊಂದ್ ಬುಟ್ಟು ಎಲ್ರೂ ಏಳ್ತಾರೆ.”

ಈ ಸಲ ಹಿಂದಿನವರು ನಕ್ಕದ್ದು ಬೇರೆ ಬಗೆ. ವಕೀಲರು ಬಿಡಲಿಲ್ಲ. “ಮಗನಿಗಾಗಿ ಹೇಳ್ತಾ ಇದೀಯ. ಅಷ್ಟೇ ತಾನೆ?”

“ಮಗನ್ಗಾಗಿ ಏಳಿದ್ರೆ ಇದನ್ನ ಯಾಕೆ ಏಳ್ತಿದ್ದೆ?” ಅವಳ ದನಿ ಒಡೆಯಿತು. “ಮಿಷನ್ ಆಡ್ಸೋನ ಕೈ ಸೇದೋಗ ಅಂತ ಅವತ್ತು ಶಾಪ ಆಕ್ದೆ ಬುದ್ದಿ. ನನ್ ಮಗನೇ ಅಲ್ಲಿ ಅವ್ನೆ ಅಂತ ಗೊತ್ತಿರ್ಲಿಲ್ಲ. ಎತ್ತ ತಾಯಿ ಯಾರಾದ್ರೂ ಇಂತಾ ಸುಳ್ಳು ಏಳಾಳಾ?”

ಮೈಸೂರಿನ ವಕೀಲರು ಕೂತರು. ಕೇಸು ಅಲ್ಲಿಗೇ ತಿರುಗಿತು ಎಂದು ನನ್ನಂಥವನಿಗೂ ತಿಳಿಯಿತು. ಗುರುಸಿದ್ದಯ್ಯನವರು ಅಲ್ಲಿಗೆ ಬಿಟ್ಟಿದ್ದರೆ ಸಾಕಾಗುತ್ತಿತ್ತು. ಅವರು ಬಿಡಲಿಲ್ಲ, ಎದ್ದು ನಿಂತರು.

“ನಿಧಾನ ಮಾಡಿ ಹೇಳಮ್ಮ. ಅವತ್ತು ಬೆಳಿಗ್ಗೆ ಮೊದಲಿಂದ. ಸದ್ದು ಶುರುವಾದಾಗ ಏನು ಮಾಡ್ತಿದ್ದಿರಿ?”

“ಎತ್ತಿನ ಮೈ ತೊಳೀತಿದ್ದೆ.”

“ಆಮೇಲೆ?”

“ಕೆಂಪಯ್ಯ ಬಂದ. ಪದ ಸುರು ಮಾಡ್ದ. ಸದ್ದು ಜಾಸ್ತಿ ಆಯ್ತು. ಅವ್ನು ಗಂಟ್ಲು ಏರ್ಸಿ ಏಳ್ದ.”

“ಆಮೇಲೆ?”

“ಆಮೇಲೆ... ಸದ್ದು ಗಕ್ಕನೆ ನಿಂತೋಯ್ತು. ‘ಸದ್ಯ, ಪೀಡೆ ತೊಲಗ್ತು ಬುಡವ್ವ’ ಅಂತ ಕೆಂಪಯ್ಯ ನಕ್ಕಂಡು ಪದ ಮುಗಿಸ್ದ. ನಾನು ಒಳಕ್ಕೋಗಿ ಮೊರದಲ್ಲಿ ರಾಗಿ ತಂದೆ. ಆಕ್ದೆ. ಆಕ್ತಾ ನೆನೆಸ್ಕಂಡು ಸಿಟ್ಟು ಬಂತು, ಎತ್ತಿನ ಮುಂದಕ್ಕೋಗಿ ಬೈದೆ.”

“ಅಂದರೆ ನೀವು ಬೈದದ್ದು ಸದ್ದು ನಿಂತ ಮೇಲೆ.”

“ಊ ಬುದ್ದಿ, ನಿಂತ್...” ಅವ್ವ ಅಲ್ಲಿಗೇ ನಿಂತಳು.

ಸಾಹೇಬರು ಲೇಖನಿ ಎತ್ತಿಕೊಂಡು, “ಈ ಪ್ರಶ್ನೆ ಯಾಕೆ ವಕೀಲರೆ?” ಎಂದರು.

“ಮಿಷನ್ ನಿಂತ ಹೊತ್ತು ಆಸ್ಪತ್ರೆಯ ಹೊತ್ತಿಗೆ ಹೊಂದುತ್ತೆ ಸ್ವಾಮಿ. ಗರಗಸ ಕೈಗೆ ತಾಗಿದಾಗ ನಿಂತದ್ದು ಅದು. ಸಾಕ್ಷಿಯ ಶಾಪ ಅದಾದ ಮೇಲಿನದು. ದಯಮಾಡಿ ಅದನ್ನೂ ಅವರ ಮಾತಲ್ಲೇ ಬರೆದುಕೊಳ್ಳಬೇಕು.”

ಸಾಹೇಬರು ಬರೆದರು. ಬರೆದದ್ದನ್ನು ಓದಿ ಹೇಳಿದರು. ಅವ್ವ ಸೆರಗಿನೊಳಗಿಂದ ಕೈ ತೆಗೆದು ಹೆಬ್ಬೆಟ್ಟು ಒತ್ತಿದಳು. ಹೊರಗೆ ಬಂದು ಬೇವಿನ ಮರದ ಕೆಳಗೆ ಕೂತು, ನನ್ನ ಬಲಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಬೆರಳಿಲ್ಲದ ಜಾಗವನ್ನು ಮೊದಲ ಸಲ ಸವರಿದಳು. “ನಾನು ಆಮೇಲೆ ಬೈದದ್ದು ಕಣ್ಲಾ” ಎಂದಳು. “ಆಮೇಲೆ.”

ವಕೀಲರು ಬಂದಾಗ ನಾನು ಅವರ ಪಾದ ಮುಟ್ಟಲು ಬಗ್ಗಿದೆ. ತಡೆದರು. “ನಿನಗೊಂದು ನಿಜ ಹೇಳ್ಲಾ? ಉತ್ತರ ಗೊತ್ತಿಲ್ಲದ ಪ್ರಶ್ನೆ ವಕೀಲನಾದವನು ಕೇಳಬಾರದು. ಇವತ್ತಿನ ಪ್ರಶ್ನೆಗೆ ಉತ್ತರ ನನಗೆ ಗೊತ್ತಿರಲಿಲ್ಲ. ‘ಮೊದಲೇ ಬೈದೆ’ ಅಂದಿದ್ದರೆ ನಾನು ಆ ತಾಯಿಗೆ ಮುಖ ತೋರಿಸೋ ಹಾಗಿರಲಿಲ್ಲ.” ಹಣೆಯ ಬೆವರು ಒರೆಸಿಕೊಂಡಾಗ ವಿಭೂತಿ ಅರ್ಧ ಅಳಿಸಿಹೋಯಿತು.

ಎರಡು ತಿಂಗಳಿಗೆ ಆರ್ಡರು ಬಂತು, ನಮ್ಮ ಕಡೆಗೆ. ಸಾಹುಕಾರರು ಹಣ ಕಟ್ಟಿದರು. ಅದರಲ್ಲಿ ಒಂದು ಒಳ್ಳೆಯ ಗಾಡಿ ಮಾಡಿಸಿದೆ. ಹಗ್ಗ ಎಡಗೈಯಲ್ಲಿ ಹಿಡಿಯುತ್ತೇನೆ, ಎತ್ತುಗಳು ಅದಕ್ಕೂ ಒಗ್ಗಿದವು. ತೆರಕಣಾಂಬಿ, ಬೇಗೂರು ಎಂದು ಆರು ದಿನ ಬಾಡಿಗೆ ಹೊಡೆಯುತ್ತೇನೆ. ಅವರೆ ಕಾಲಕ್ಕೆ ಒಂದು ಚೀಲ ಸೊಗಡವರೆ ಹೊತ್ತು ವಕೀಲರ ಮನೆಗೆ ಹೋಗುತ್ತೇನೆ. ನನಗೆ ಬಿಡುವು ಸೋಮವಾರವೇ. ಅವರು ಬಾಗಿಲಲ್ಲೇ ನಗುತ್ತಾರೆ: “ಬಂದೆಯಾ? ಎತ್ತಿಗೆ ರಜ, ನಿನಗೆ ರಜ. ನನ್ನ ಕಕ್ಷಿದಾರರಿಗೆ ಯಾವ ಸೋಮವಾರನಪ್ಪಾ!” ಫೀಸು ಸಾಹೇಬರು ಗೊತ್ತು ಮಾಡಿದಷ್ಟೇ ತೆಗೆದುಕೊಂಡರು, ಒಂದು ಕಾಸು ಹೆಚ್ಚಿಲ್ಲ. ಅವರೆಯನ್ನು ಮಾತ್ರ ಬೇಡ ಎನ್ನುವುದಿಲ್ಲ.

ಅವರು ಕೊಟ್ಟದ್ದು ಇನ್ನೊಂದಿದೆ. ಅವ್ವನ ಹೇಳಿಕೆಯ ನಕಲನ್ನು ಕಚೇರಿಯಿಂದ ತೆಗೆಸಿ, ಮೊಹರು ಹಾಕಿಸಿ, ಕೇಳದೆಯೇ ಅವಳ ಕೈಗೆ ಕೊಟ್ಟಿದ್ದರು. ಅವ್ವನಿಗೆ ಓದು ಬಾರದು. ಅದನ್ನು ದೇವರ ಗೂಡಿನಲ್ಲಿ ವಿಭೂತಿ ಗಟ್ಟಿಯ ಪಕ್ಕ ಇಟ್ಟಿದ್ದಾಳೆ. ಸೋಮವಾರ ಎತ್ತಿನ ಮೈ ತೊಳೆದು, ತನ್ನ ಕೈಯಾರೆ ಹಣೆಗಿಟ್ಟು, ಕೆಂಪಯ್ಯನ ಪದ ಮುಗಿದು ಅವನ ಜೋಳಿಗೆಗೆ ರಾಗಿ ಬಿದ್ದ ಮೇಲೆ ಅದನ್ನು ತಂದು ನನ್ನ ಮುಂದೆ ಇಡುತ್ತಾಳೆ. ನಾನು ಎಡಗೈಯಲ್ಲಿ ಬಿಡಿಸಿ ಓದುತ್ತೇನೆ. ನಾನು ಚಿಕ್ಕವನಿದ್ದಾಗ ಒರಗುತ್ತಿದ್ದ ಕಂಬಕ್ಕೆ ಈಗ ಅವಳು ಒರಗಿರುತ್ತಾಳೆ.

“ಸಾಕ್ಷಿ ಪ್ರಮಾಣ ಮಾಡಿ ಹೇಳುವುದೇನೆಂದರೆ...” ಎಂದು ಮೊದಲಾಗಿ, “ಸದ್ದು ನಿಂತ ಮೇಲೆ ನಾನು ಬೈದೆ” ಎಂಬಲ್ಲಿಗೆ ಬರುತ್ತೇನೆ.

“ಅದನ್ನ ಇನ್ನೊಂದ್ ಸಲ ಓದು ಮಗ” ಎನ್ನುತ್ತಾಳೆ.

ಓದುತ್ತೇನೆ.